ಪತಿಯ ಬಳಿಗೆ ಹೊರಟಿದ್ದೀರಾ?

ಮದುವೆಯಾಗಿ ನಲ್ವತ್ತು ದಿನ ಕಳೆಯುವಷ್ಟರಲ್ಲಿ ರಜೆ ಮುಗಿಯಿತು. ಪತಿ ದುಬೈಗೆ ಮರಳಿದರು. ಆಮೇಲೆ ಎಲ್ಲವೂ ಫೋನಿನಲ್ಲೇ. ಎಂಟು ತಿಂಗಳ ಬಳಿಕ ಒಂದು ದಿನ "ವೀಸಾ ಬಂತು, ಹೊರಟು ಬಾ" ಎಂಬ ಸಂದೇಶ ಬರುತ್ತದೆ. ಅತ್ತೆ ಹಪ್ಪಳ, ಉಪ್ಪಿನಕಾಯಿ ಕಟ್ಟಿ ಕೊಡುತ್ತಾರೆ. ತಾಯಿ ಕಣ್ಣೊರೆಸಿಕೊಳ್ಳುತ್ತಾ ಮಸಾಲೆ ಪುಡಿ ಮಾಡಿ ಕೊಡುತ್ತಾರೆ. ಎರಡು ಕಾರುಗಳಲ್ಲಿ ಮನೆಮಂದಿಯೆಲ್ಲ ವಿಮಾನ ನಿಲ್ದಾಣಕ್ಕೆ ಬರುತ್ತಾರೆ. ಒಳಗೆ ಕೌಂಟರಿನಲ್ಲಿ ಕುಳಿತ ಸಿಬ್ಬಂದಿ ಪಾಸ್‌ಪೋರ್ಟನ್ನು ತಿರುಗಿಸಿ ನೋಡಿ, "ಇದರಲ್ಲಿ ಒಂದೇ ಹೆಸರು ಇದೆಯಲ್ಲ, ಸರ್‌ನೇಮ್ ಎಲ್ಲಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಆಕೆಯ ಬಳಿ ಉತ್ತರವಿಲ್ಲ. ಹೊರಗೆ ಕಾಯುತ್ತಿದ್ದ ಕಾರುಗಳಲ್ಲೇ ಆಕೆ ಮನೆಗೆ ಮರಳಬೇಕಾಗುತ್ತದೆ.

ಇಂತಹದು ನಿಮ್ಮ ಮನೆಯಲ್ಲಿ ನಡೆಯಬಾರದು. ಕರಾವಳಿಯಲ್ಲಿ, ಭಟ್ಕಳದಿಂದ ಉಳ್ಳಾಲದ ತನಕ, ಗಲ್ಫ್‌ನಲ್ಲಿ ದುಡಿಯುವ ಒಬ್ಬನಾದರೂ ಇಲ್ಲದ ಮುಸ್ಲಿಮ್ ಕುಟುಂಬ ಅಪರೂಪ. ಹಿಂದೆ ದುಬೈಗೆ ಹೋಗಬೇಕಾದರೆ ಬಸ್ಸಿನಲ್ಲಿ ಮುಂಬೈಗೆ ಹೋಗಿ ಅಲ್ಲಿ ದಿನಗಟ್ಟಲೆ ಕಾಯಬೇಕಿತ್ತು. 2006ರ ಅಕ್ಟೋಬರ್‌ನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ದೂರ ಕಡಿಮೆಯಾಯಿತು. ಈಗ ಸುಮಾರು ಮೂರೂವರೆ ಗಂಟೆಯ ಪ್ರಯಾಣ. ಆದರೆ ಕಾಗದ ಪತ್ರಗಳ ದಾರಿ ಹಾಗೆ ಹತ್ತಿರವಾಗಿಲ್ಲ. ಆ ದಾರಿಯನ್ನು ಪತಿಗೋ ಟ್ರಾವೆಲ್ ಏಜೆಂಟರಿಗೋ ಬಿಟ್ಟು ನಿಶ್ಚಿಂತರಾಗಬೇಡಿ. ಪಾಸ್‌ಪೋರ್ಟ್ ನಿಮ್ಮದು, ವೀಸಾ ನಿಮ್ಮ ಹೆಸರಿನದು. ಪ್ರಯಾಣಿಸುವವರೂ ನೀವೇ. ಆದ್ದರಿಂದ ವಿಷಯವೂ ನಿಮಗೇ ತಿಳಿದಿರಲಿ.

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಈ ಲೇಖನವನ್ನು ಅರ್ಧಕ್ಕೆ ನಿಲ್ಲಿಸಿ, ಕಪಾಟಿನಿಂದ ನಿಮ್ಮ ಪಾಸ್‌ಪೋರ್ಟ್ ತೆಗೆದುಕೊಂಡು ಬನ್ನಿ. ಮೂರು ವಿಷಯಗಳನ್ನು ಪರಿಶೀಲಿಸಿ.

ಮೊದಲನೆಯದು ಹೆಸರು. ನಮ್ಮಲ್ಲಿ ಹೆಣ್ಣು ಮಕ್ಕಳಿಗೆ ಒಂದೇ ಹೆಸರಿಡುವ ರೂಢಿ ಇದೆ. ಶಾಲೆಯ ದಾಖಲೆಯಲ್ಲೂ ಅಷ್ಟೇ ಇರುತ್ತದೆ. 2022ರ ನವೆಂಬರ್ 21ರಿಂದ ಯು.ಎ.ಇ. ಸರಕಾರವು ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ, ಅಂದರೆ ಹೆಸರು ಅಥವಾ ಸರ್‌ನೇಮ್ ಕಾಲಂ ಖಾಲಿ ಇರುವವರಿಗೆ, ಭೇಟಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ತಿಳಿಸಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರು ಅಥವಾ ಕುಟುಂಬದ ಹೆಸರು ಇದ್ದರೆ ಒಪ್ಪಲಾಗುವುದೆಂದು ಆ ಬಳಿಕ ಸ್ಪಷ್ಟನೆಯೂ ಬಂತು. ಆದರೂ ಸ್ಪಷ್ಟನೆಯನ್ನು ನಂಬಿ ಕೌಂಟರಿನಲ್ಲಿ ವಾದಿಸುತ್ತಾ ನಿಲ್ಲುವುದಕ್ಕಿಂತ, ಸಮಯವಿರುವಾಗಲೇ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಭಾಗಗಳಲ್ಲಿ ಬರೆಸಿಕೊಳ್ಳುವುದು ಜಾಣತನ. ಸರ್‌ನೇಮ್ ಎಂದರೆ ಪತಿಯ ಹೆಸರೇ ಆಗಬೇಕೆಂದಿಲ್ಲ. ತಂದೆಯ ಹೆಸರೂ ಆಗಬಹುದು, ಮನೆತನದ ಹೆಸರೂ ಆಗಬಹುದು. ಮದುವೆಯಾದೊಡನೆ ಹೆಸರು ಬದಲಾಯಿಸಬೇಕೆಂಬ ಕಾನೂನು ಇಲ್ಲ.

ಎರಡನೆಯದು ಅವಧಿ. ನೀವು ಆ ದೇಶಕ್ಕೆ ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳಾದರೂ ಪಾಸ್‌ಪೋರ್ಟ್‌ಗೆ ಆಯುಷ್ಯವಿರಬೇಕು. ವೀಸಾ ಬಂದಿದ್ದರೂ ಪಾಸ್‌ಪೋರ್ಟ್‌ಗೆ ನಾಲ್ಕೇ ತಿಂಗಳು ಉಳಿದಿದ್ದರೆ ಪ್ರಯಾಣ ನಿಂತೀತು.

ಮೂರನೆಯದು ಇ.ಸಿ.ಆರ್. ಎಂಬ ಮುದ್ರೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇದು ಇರುತ್ತದೆ. 1983ರ ವಲಸೆ ಕಾಯಿದೆಯ ಪ್ರಕಾರ, ಇಂತಹವರು ಗಲ್ಫ್ ದೇಶಗಳು ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವಾಗ ಸರಕಾರದ ಅನುಮತಿ ಪಡೆಯಬೇಕು. ಪತಿಯ ಬಳಿಗೆ ಕುಟುಂಬದ ವೀಸಾದಲ್ಲಿ ಹೋಗುವುದು ಉದ್ಯೋಗವಲ್ಲ. ಆದರೆ ವಲಸೆ ಅಧಿಕಾರಿ ನಿಮ್ಮನ್ನು ನಾಲ್ಕು ಮಾತು ಹೆಚ್ಚು ಕೇಳಬಹುದು. ಮದುವೆಯ ದಾಖಲೆ, ಪತಿಯ ಗುರುತು ಚೀಟಿಯ ಪ್ರತಿ ಕೈಯಲ್ಲಿದ್ದರೆ ಗಾಬರಿ ಪಡುವ ಅಗತ್ಯವಿಲ್ಲ. ನಿಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದೂ ಆ ಮುದ್ರೆ ಹಾಗೆಯೇ ಉಳಿದಿದ್ದರೆ ಅಂಕಪಟ್ಟಿ ತೋರಿಸಿ ತೆಗೆಸಿಕೊಳ್ಳಿ.

ನಿಕಾಹ್‌ನಾಮೆ ಸಾಲದೇ?

ಮಸೀದಿಯ ದಫ್ತರದಲ್ಲಿ ನಿಕಾಹ್ ದಾಖಲಾಗಿದೆ, ಜಮಾಅತಿನ ಮುದ್ರೆಯೂ ಬಿದ್ದಿದೆ, ಇನ್ನೇನು ಬೇಕು ಎಂದು ನೀವು ಕೇಳಬಹುದು. ಧಾರ್ಮಿಕವಾಗಿ ನಿಮ್ಮ ವಿವಾಹ ಪೂರ್ಣವಾಗಿದೆ. ಆದರೆ ವಿದೇಶದ ಕಚೇರಿಯೊಂದು ನಿಮ್ಮನ್ನು ಇವರ ಪತ್ನಿಯೆಂದು ಒಪ್ಪಬೇಕಾದರೆ ಸರಕಾರಿ ದಾಖಲೆ ಬೇಕು. 2006ರಲ್ಲಿ ಸುಪ್ರೀಮ್ ಕೋರ್ಟು ಎಲ್ಲ ಧರ್ಮೀಯರ ವಿವಾಹಗಳೂ ನೋಂದಣಿಯಾಗಬೇಕೆಂದು ಹೇಳಿದೆ. ಕರ್ನಾಟಕದಲ್ಲಿ ಇದಕ್ಕಾಗಿ 1976ರ ವಿವಾಹ ನೋಂದಣಿ ಕಾಯಿದೆ ಇದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈ ಕೆಲಸ ನಡೆಯುತ್ತದೆ.

ಒಂದು ವಿಷಯದಲ್ಲಿ ಎಚ್ಚರವಿರಲಿ. 2023ರಲ್ಲಿ ರಾಜ್ಯ ಸರಕಾರವು ಮುಸ್ಲಿಮ್ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ಕೊಟ್ಟಿತ್ತು. 2024ರ ನವೆಂಬರ್‌ನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಆದ್ದರಿಂದ ವೀಸಾಕ್ಕಾಗಿ ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರವನ್ನೇ ಮಾಡಿಸಿಕೊಳ್ಳಿ. ಪತಿ ರಜೆಯಲ್ಲಿ ಊರಲ್ಲಿರುವಾಗಲೇ ಇದು ಮುಗಿಯಬೇಕು. ಇಬ್ಬರ ಸಹಿಯೂ ಬೇಕಾಗುವುದರಿಂದ, ಅವರು ವಿಮಾನ ಹತ್ತಿದ ಮೇಲೆ ನೆನಪಾದರೆ ಮುಂದಿನ ರಜೆಯ ತನಕ ಕಾಯಬೇಕಾದೀತು. ಮದುವೆಯ ಔತಣಗಳಿಗೆ ದಿನ ನಿಗದಿ ಮಾಡುವಾಗಲೇ ನೋಂದಣಿಗೂ ಒಂದು ದಿನ ಇಟ್ಟುಕೊಳ್ಳಿ. ಪ್ರಮಾಣಪತ್ರದಲ್ಲಿರುವ ಹೆಸರು, ಪಾಸ್‌ಪೋರ್ಟಿನ ಹೆಸರು ಅಕ್ಷರ ಅಕ್ಷರವೂ ಒಂದೇ ಆಗಿರಲಿ. ಒಂದರಲ್ಲಿ ಫಾತಿಮಾ, ಇನ್ನೊಂದರಲ್ಲಿ ಫಾತಿಮತ್ ಎಂದಿದ್ದರೆ ಅಲ್ಲಿನ ಅಧಿಕಾರಿಗೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು!

ಆ ಬಳಿಕ ದೃಢೀಕರಣ. ಇದನ್ನೇ ಜನ ಅಟೆಸ್ಟೇಶನ್ ಎನ್ನುವುದು. ಯು.ಎ.ಇ.ಗೆ ಹೋಗುವ ವಿವಾಹ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಸರಕಾರದ ಮುದ್ರೆ, ನಂತರ ದೆಹಲಿಯ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಯು.ಎ.ಇ. ರಾಯಭಾರ ಕಚೇರಿಯ ಮುದ್ರೆ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳಬೇಕು. ಹೀಗೆ ಒಂದೇ ಕಾಗದ ನಾಲ್ಕು ಮೆಟ್ಟಿಲು ಹತ್ತಬೇಕು. ಸೌದಿ ಅರೇಬಿಯಾ, ಒಮನ್, ಬಹ್ರೈನ್‌ಗೆ ಹೋಗುವವರಿಗೆ ದಾರಿ ಹಗುರ. ಈ ದೇಶಗಳು ಅಪೋಸ್ಟಿಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದಲ್ಲಿವೆ. ಸೌದಿಯಲ್ಲಿ ಅದು 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಭಾರತ 2005ರಿಂದಲೇ ಅದರ ಸದಸ್ಯ. ರಾಜ್ಯದ ಮುದ್ರೆಯ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಚೀಟಿ ಅಂಟಿಸಿದರೆ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ವಿದೇಶಾಂಗ ಸಚಿವಾಲಯವು ಜನರಿಂದ ನೇರವಾಗಿ ಕಾಗದ ಪಡೆಯುವುದಿಲ್ಲ, ತಾನು ನೇಮಿಸಿದ ಸಂಸ್ಥೆಗಳ ಮೂಲಕ ಪಡೆಯುತ್ತದೆ. ಮೂಲ ಪ್ರತಿಯನ್ನು ಯಾರ ಕೈಗೆ ಕೊಡುವ ಮೊದಲೂ ಅದರ ನಕಲು ತೆಗೆದಿಡಿ, ರಶೀದಿ ಪಡೆಯಿರಿ.

ಭೇಟಿ ವೀಸಾವೋ, ನಿವಾಸ ವೀಸಾವೋ?

ಎರಡಕ್ಕೂ ಅಜಗಜಾಂತರವಿದೆ. ಭೇಟಿ ವೀಸಾ ಎಂದರೆ ನೀವು ಅತಿಥಿ. ಯು.ಎ.ಇ.ಯಲ್ಲಿ ಇದು ಸಾಮಾನ್ಯವಾಗಿ 30 ಅಥವಾ 60 ದಿನಗಳದ್ದು. ದಿನ ಮೀರಿದರೆ ದಿನಕ್ಕೆ 50 ದಿರ್‌ಹಮ್ ದಂಡ. "ಇನ್ನೆರಡು ವಾರ ಇರಲಿ, ಆಮೇಲೆ ನೋಡೋಣ" ಎಂಬ ಉದಾಸೀನಕ್ಕೆ ಎಷ್ಟು ಬೆಲೆ ತೆರಬೇಕಾದೀತೆಂದು ನೀವೇ ಲೆಕ್ಕ ಹಾಕಿ. 2024ರ ಕೊನೆಯಿಂದ ಭೇಟಿ ವೀಸಾದ ಅರ್ಜಿಯೊಂದಿಗೆ ಮರಳುವ ಟಿಕೆಟ್ ಮತ್ತು ಉಳಿಯುವ ಜಾಗದ ದಾಖಲೆಯನ್ನು ಬಿಗಿಯಾಗಿ ಕೇಳಲಾಗುತ್ತಿದೆ. ಪತಿಯ ಮನೆಯಲ್ಲೇ ಉಳಿಯುವುದಾದರೆ ಮನೆಯ ಬಾಡಿಗೆ ಕರಾರು ಮತ್ತು ಅವರ ಎಮಿರೇಟ್ಸ್ ಐ.ಡಿ.ಯ ಪ್ರತಿ ಮುಂಚಿತವಾಗಿ ತರಿಸಿಕೊಳ್ಳಿ.

ನಿವಾಸ ವೀಸಾ ಎಂದರೆ ಪತಿಯ ಪ್ರಾಯೋಜಕತ್ವದಲ್ಲಿ ಅಲ್ಲಿ ಸಂಸಾರ ಹೂಡುವ ಪರವಾನಗಿ. 2019ರ ನಂತರ ಯು.ಎ.ಇ. ಇದಕ್ಕೆ ಪತಿಯ ಹುದ್ದೆಯನ್ನು ನೋಡುವುದಿಲ್ಲ, ಆದಾಯವನ್ನು ನೋಡುತ್ತದೆ. ತಿಂಗಳಿಗೆ 4,000 ದಿರ್‌ಹಮ್ ಅಥವಾ 3,000 ದಿರ್‌ಹಮ್ ಮತ್ತು ವಸತಿ ಇರಬೇಕು. ಪ್ರವೇಶ ಪರವಾನಗಿಯಲ್ಲಿ ನೀವು ತಲುಪಿದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಆಗುತ್ತದೆ. ಎಮಿರೇಟ್ಸ್ ಐ.ಡಿ.ಗಾಗಿ ಬೆರಳಚ್ಚು ಕೊಡಬೇಕು. ಗರ್ಭಿಣಿಯಾಗಿದ್ದರೆ ಅಥವಾ ಸಂಶಯವಿದ್ದರೆ ಎಕ್ಸ್‌ರೇ ಕೊಠಡಿಗೆ ಹೋಗುವ ಮೊದಲೇ ತಪ್ಪದೆ ತಿಳಿಸಿ. ಸಂಕೋಚಪಟ್ಟು ಸುಮ್ಮನಿರಬೇಡಿ. 2022ರಿಂದ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವುದು ನಿಂತಿದೆ. ಎಮಿರೇಟ್ಸ್ ಐ.ಡಿ.ಯೇ ನಿಮ್ಮ ನಿವಾಸದ ಪುರಾವೆ.

ಸೌದಿಯಲ್ಲಿ ಲೆಕ್ಕ ಬೇರೆ. 2017ರಲ್ಲಿ ಅಲ್ಲಿ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಆರಂಭವಾಯಿತು. ಅದು ವರ್ಷ ವರ್ಷ ಏರುತ್ತಾ 2020ರ ಜುಲೈಯಲ್ಲಿ 400 ರಿಯಾಲ್‌ಗೆ ತಲುಪಿತು. ಪತ್ನಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. ಮನೆ ಬಾಡಿಗೆ, ಶಾಲೆಯ ಶುಲ್ಕ ಇದಕ್ಕೆ ಸೇರಿಲ್ಲ. ಎಷ್ಟೋ ಕುಟುಂಬಗಳು ಸಾಮಾನು ಕಟ್ಟಿ ಊರಿಗೆ ಮರಳಿದ್ದು ಈ ಕಾರಣಕ್ಕೆ. ಆದ್ದರಿಂದ "ಎಲ್ಲರ ಗಂಡಂದಿರೂ ಕರೆಸಿಕೊಳ್ಳುತ್ತಾರೆ, ನನ್ನವರಿಗೆ ಮಾತ್ರ ಮನಸ್ಸಿಲ್ಲ" ಎಂದು ಮುನಿಸಿಕೊಳ್ಳುವ ಮುಂಚೆ ಇಬ್ಬರೂ ಕಾಗದ, ಪೆನ್ನು ಹಿಡಿದು ಒಮ್ಮೆ ಲೆಕ್ಕ ಹಾಕಿ. ಪತಿಯೂ ತನ್ನ ಸಂಬಳವನ್ನು ಪತ್ನಿಯಿಂದ ಮುಚ್ಚಿಡಬಾರದು. ಸಾಲ ಮಾಡಿ ಸಂಸಾರ ಹೂಡಿ ಆರು ತಿಂಗಳಲ್ಲಿ ಮರಳುವುದಕ್ಕಿಂತ, ವರ್ಷಕ್ಕೊಮ್ಮೆ ಎರಡು ತಿಂಗಳು ನೆಮ್ಮದಿಯಿಂದ ಜೊತೆಯಲ್ಲಿರುವುದು ಕೆಲವರಿಗೆ ಲೇಸು.

ಇನ್ನೊಂದು ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ನಿವಾಸ ವೀಸಾ ಇದ್ದೂ ಆರು ತಿಂಗಳಿಗಿಂತ ಹೆಚ್ಚು ಕಾಲ ಯು.ಎ.ಇ.ಯಿಂದ ಹೊರಗಿದ್ದರೆ ವೀಸಾ ಅಸಿಂಧುವಾಗುತ್ತದೆ. ಹೆರಿಗೆಗೆಂದು ತವರಿಗೆ ಬರುವವರು ಏಳನೇ ತಿಂಗಳಲ್ಲಿ ಬಂದು, ಬಾಣಂತನ ಮುಗಿಸಿ, ಮಗುವಿನ ಪಾಸ್‌ಪೋರ್ಟ್ ಮಾಡಿಸಿ ಹೊರಡುವಷ್ಟರಲ್ಲಿ ಆರು ತಿಂಗಳು ದಾಟಿರುತ್ತದೆ. ಬರುವ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ 180ನೇ ದಿನಕ್ಕೆ ಕೆಂಪು ಗುರುತು ಹಾಕಿಡಿ. ಅಲ್ಲಿಯೇ ಹೆರಿಗೆಯಾದರೆ ಮಗುವಿನ ಪಾಸ್‌ಪೋರ್ಟ್ ಮತ್ತು ವೀಸಾ 120 ದಿನಗಳೊಳಗೆ ಆಗಬೇಕು. ಭಾರತದ ದೂತಾವಾಸದಲ್ಲಿ ಜನನ ನೋಂದಣಿ ಒಂದು ವರ್ಷದೊಳಗೆ ಆಗಬೇಕು.

ಪೆಟ್ಟಿಗೆಯಲ್ಲಿ ಏನಿದೆ?

ತಾಯಿ ಪ್ರೀತಿಯಿಂದ ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡುವುದು ಅವಿಶ್ವಾಸವಲ್ಲ. ನಮ್ಮ ಅಡುಗೆ ಮನೆಯಲ್ಲಿ ಸಾಮಾನ್ಯವಾಗಿರುವ ಗಸಗಸೆ ಯು.ಎ.ಇ. ಮತ್ತು ಸೌದಿಯಲ್ಲಿ ನಿಷಿದ್ಧ. ಅದು ಅಫೀಮಿನ ಗಿಡದ ಬೀಜ. ಆದ್ದರಿಂದ ಅಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಬಿರಿಯಾನಿ ಮಸಾಲೆ, ಕುರ್ಮಾ ಪುಡಿಯಲ್ಲಿ ಅದು ಸೇರಿದೆಯೇ ಎಂದು ಕೇಳಿ ತಿಳಿಯಿರಿ. "ನನಗೆ ಗೊತ್ತಿರಲಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಔಷಧಿಯ ವಿಷಯವೂ ಹಾಗೆಯೇ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ ಮತ್ತು ಕೆಮ್ಮಿನ ಸಿರಪ್, ಕೆಲವು ನಿದ್ರೆ ಮಾತ್ರೆಗಳು ಅಲ್ಲಿ ನಿಯಂತ್ರಿತ ಔಷಧಿಗಳು. ನಿಮಗೆ ಅದು ಅನಿವಾರ್ಯವಾಗಿದ್ದರೆ ಯು.ಎ.ಇ. ಆರೋಗ್ಯ ಸಚಿವಾಲಯದಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ಉಳಿದ ಔಷಧಿಗಳಿಗೂ ವೈದ್ಯರ ಚೀಟಿ ಜೊತೆಗಿರಲಿ, ಮಾತ್ರೆಗಳು ಮೂಲ ಪಟ್ಟಿಯಲ್ಲೇ ಇರಲಿ. ನೆರೆಯವರು "ನನ್ನ ಮಗನಿಗೆ ಇದೊಂದು ಪೊಟ್ಟಣ ಕೊಟ್ಟುಬಿಡಮ್ಮಾ" ಎಂದರೆ ಅವರೆದುರೇ ಬಿಚ್ಚಿ ನೋಡಿ. ಬಿಚ್ಚಲು ಒಪ್ಪದಿದ್ದರೆ ವಿನಯದಿಂದ ನಿರಾಕರಿಸಿ. ನಾಳೆ ಜೈಲಿಗೆ ಹೋಗುವುದು ಪೊಟ್ಟಣ ಕೊಟ್ಟವರಲ್ಲ, ಹೊತ್ತವರು.

ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಿ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯನ್ನೇ ತಡೆಹಿಡಿಯುತ್ತಾರೆ. ಉಪ್ಪಿನಕಾಯಿ, ಎಣ್ಣೆ, ತುಪ್ಪ ಕೈಚೀಲದಲ್ಲಿ ಬೇಡ.

ಚಿನ್ನ ತೊಟ್ಟು ಹೋಗುವವರು ಒಂದು ಕೆಲಸ ಮಾಡಿ. ಹೊರಡುವಾಗ ವಿಮಾನ ನಿಲ್ದಾಣದ ಸುಂಕ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯಿರಿ. ಒಡವೆಯ ಫೋಟೊ, ರಶೀದಿ ಜೊತೆಗಿಡಿ. ಮರಳಿ ಬರುವಾಗ ಇದು ಇಲ್ಲಿಂದಲೇ ಹೋದ ಚಿನ್ನ ಎಂದು ತೋರಿಸಲು ಅದೇ ಸಾಕ್ಷಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಮರಳುವ ಮಹಿಳೆಗೆ 40 ಗ್ರಾಂ ತನಕ, ಪುರುಷರಿಗೆ 20 ಗ್ರಾಂ ತನಕ ಆಭರಣ ತರಲು ಸುಂಕ ವಿನಾಯಿತಿಯ ಅವಕಾಶವಿದೆ.

ಮೊಬೈಲ್ ಕೈಯಲ್ಲಿದೆ, ಮಾತು ಮಾತ್ರ ಹೋಗುವುದಿಲ್ಲ!

ಊರಿನಿಂದ ನೀವು ವಾಟ್ಸಾಪ್‌ನಲ್ಲಿ ಕರೆ ಮಾಡುತ್ತೀರಿ. ರಿಂಗ್ ಆಗುತ್ತದೆ, ಅವರು ಎತ್ತಿದರೂ ಧ್ವನಿ ಬರುವುದಿಲ್ಲ. ಹೊಸ ಮದುಮಗಳಿಗೆ ಅನುಮಾನ ಹುಟ್ಟಲು ಇನ್ನೇನು ಬೇಕು? ಇದರಲ್ಲಿ ಪತಿಯ ತಪ್ಪೇನೂ ಇಲ್ಲ. ಯು.ಎ.ಇ.ಯಲ್ಲಿ ಇಂಟರ್‌ನೆಟ್ ಮೂಲಕ ಮಾತನಾಡುವ ಸೇವೆಗಳಿಗೆ ಪರವಾನಗಿ ಬೇಕು. ವಾಟ್ಸಾಪ್‌ನ ಸಂದೇಶ, ಫೋಟೊ, ಧ್ವನಿಮುದ್ರಿತ ಸಂದೇಶಗಳು ಹೋಗುತ್ತವೆ. ಕರೆಗಳನ್ನು ಮಾತ್ರ ಅಲ್ಲಿ ಬಹಳ ಕಾಲದಿಂದ ತಡೆಹಿಡಿಯಲಾಗಿದೆ. ಬೋಟಿಮ್‌ನಂತಹ ಪರವಾನಗಿ ಪಡೆದ ಆ್ಯಪ್‌ಗಳು ಅಲ್ಲಿ ನಡೆಯುತ್ತವೆ. ಇಬ್ಬರ ಫೋನಿನಲ್ಲೂ ಅದೇ ಆ್ಯಪ್ ಇರಬೇಕು. ಪತಿ ಹೊರಡುವ ಮುಂಚೆಯೇ ಅತ್ತೆ, ಮಾವ, ತಾಯಿಯ ಫೋನಿನಲ್ಲೂ ಹಾಕಿ ಕಲಿಸಿಕೊಡಿ. ಹಿಂದೆ ಸ್ಕೈಪ್ ಎಂಬುದೊಂದಿತ್ತು, 2025ರ ಮೇ ತಿಂಗಳಲ್ಲಿ ಅದು ಮುಚ್ಚಿತು.

"ವಿ.ಪಿ.ಎನ್. ಹಾಕಿದರೆ ಎಲ್ಲ ಸರಿಯಾಗುತ್ತದೆ" ಎಂದು ಸಲಹೆ ಕೊಡುವವರು ಇದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಅಲ್ಲಿನ 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ, ಕಾನೂನು ಉಲ್ಲಂಘಿಸುವ ಸಲುವಾಗಿ ಇಂಟರ್‌ನೆಟ್ ವಿಳಾಸವನ್ನು ಮರೆಮಾಚಿದರೆ ಜೈಲು ಶಿಕ್ಷೆ ಮತ್ತು 5 ಲಕ್ಷದಿಂದ 20 ಲಕ್ಷ ದಿರ್‌ಹಮ್ ತನಕ ದಂಡವಿದೆ. ಹತ್ತು ನಿಮಿಷದ ಮಾತಿಗಾಗಿ ಜೀವಮಾನದ ದುಡಿಮೆಯನ್ನು ಪಣಕ್ಕಿಡುವುದೇ? ಇತರರ ಫೋಟೊ ಅವರ ಒಪ್ಪಿಗೆಯಿಲ್ಲದೆ ತೆಗೆದು ಹಂಚುವುದೂ ಅಲ್ಲಿ ಅಪರಾಧ. ಪಾರ್ಕಿನಲ್ಲಿ, ಮಾಲ್‌ನಲ್ಲಿ ವಿಡಿಯೊ ಮಾಡುವಾಗ ನೆನಪಿರಲಿ. ಸೌದಿ ಅರೇಬಿಯಾ 2017ರ ಸೆಪ್ಟೆಂಬರ್‌ನಲ್ಲಿ ಇಂಟರ್‌ನೆಟ್ ಕರೆಗಳ ನಿರ್ಬಂಧವನ್ನು ಸಡಿಲಿಸಿತು. ಒಂದು ದೇಶದ ನಿಯಮ ಇನ್ನೊಂದಕ್ಕಿಲ್ಲ.

ಊರಿನ ಸಿಮ್ ಎಸೆಯಬೇಡಿ

ದುಬೈ ತಲುಪಿದೊಡನೆ ಹೊಸ ಸಿಮ್ ಹಾಕಿ, ಊರಿನ ಸಿಮ್ಮನ್ನು ಪರ್ಸಿನ ಮೂಲೆಯಲ್ಲಿಟ್ಟು ಮರೆತುಬಿಡುವವರು ಹೆಚ್ಚು. ಮೂರು ತಿಂಗಳ ಬಳಿಕ ಬ್ಯಾಂಕಿನ ಒ.ಟಿ.ಪಿ. ಬೇಕಾದಾಗ ಆ ಸಂಖ್ಯೆ ಸತ್ತಿರುತ್ತದೆ. 90 ದಿನಗಳ ಕಾಲ ಬಳಕೆಯಾಗದ ಸಿಮ್ಮನ್ನು ಕಂಪೆನಿ ನಿಷ್ಕ್ರಿಯಗೊಳಿಸಬಹುದು. ನಿಮ್ಮ ಬ್ಯಾಂಕ್, ಆಧಾರ್, ವಾಟ್ಸಾಪ್ ಎಲ್ಲವೂ ಆ ಒಂದು ಸಂಖ್ಯೆಗೆ ಕಟ್ಟಿಕೊಂಡಿವೆ ಎಂಬುದನ್ನು ಮರೆಯಬೇಡಿ.

ಹೀಗೆ ಮಾಡಿ. ಎರಡು ಸಿಮ್ ಹಿಡಿಯುವ ಫೋನ್ ಇರಲಿ. ಒಂದರಲ್ಲಿ ಊರಿನ ಸಂಖ್ಯೆ, ಇನ್ನೊಂದರಲ್ಲಿ ಅಲ್ಲಿನ ಸಂಖ್ಯೆ. ಫೋನ್ ಇ-ಸಿಮ್ ಸ್ವೀಕರಿಸುವಂತಹದಾದರೆ ಇನ್ನೂ ಸುಲಭ. ಹೊರಡುವ ಮೊದಲೇ, ಊರಿನಲ್ಲಿರುವಾಗಲೇ, ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ. ಒಳಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಹಣ ಇರುವುದಿಲ್ಲ, ಆದ್ದರಿಂದ ಒ.ಟಿ.ಪಿ. ಬರುತ್ತದೆ. ಆದರೆ ಊರಿನ ಸಿಮ್‌ನ ಡಾಟಾ ರೋಮಿಂಗನ್ನು ಸೆಟ್ಟಿಂಗ್‌ನಲ್ಲಿ ಹೋಗಿ ಬಂದ್ ಮಾಡಿ. ಇಲ್ಲದಿದ್ದರೆ ನೀವು ಮುಟ್ಟದಿದ್ದರೂ ಫೋನ್ ತನ್ನಷ್ಟಕ್ಕೆ ಇಂಟರ್‌ನೆಟ್ ಬಳಸಿ ಹಣ ತಿಂದುಹಾಕುತ್ತದೆ. ಅದರ ಕರೆಯನ್ನೂ ಎತ್ತಬೇಡಿ, ಒಳಬರುವ ಕರೆಗೂ ದರವಿದೆ. ವಿಮಾನದಲ್ಲಿ ಫೋನನ್ನು ಫ್ಲೈಟ್ ಮೋಡ್‌ನಲ್ಲಿಡಿ.

ವಾಟ್ಸಾಪ್ ಸಂಖ್ಯೆ ಬದಲಾಯಿಸುವ ಅವಸರ ಬೇಡ. ಊರಿನ ಸಂಖ್ಯೆಯಲ್ಲೇ ಅದು ಅಲ್ಲಿಯೂ ನಡೆಯುತ್ತದೆ. 2025ರ ನವೆಂಬರ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆಯು ಇಂತಹ ಆ್ಯಪ್‌ಗಳು ಫೋನಿನೊಳಗಿರುವ ಚಾಲೂ ಸಿಮ್‌ಗೆ ಜೋಡಿಸಿಕೊಂಡೇ ಇರಬೇಕೆಂದು ಕಂಪೆನಿಗಳಿಗೆ ನಿರ್ದೇಶನ ಕೊಟ್ಟಿದೆ. ಊರಿನ ಸಿಮ್ ಪರ್ಸಿನಲ್ಲಿರದೆ ಫೋನಿನಲ್ಲೇ ಇರಬೇಕು ಎನ್ನಲು ಇದೂ ಒಂದು ಕಾರಣ. ಎರಡು ಹಂತದ ಪಿನ್ ಹಾಕಿಡಿ.

ನೀವು ಊರಿನಲ್ಲೇ ಇದ್ದು ಪತಿ ಹೊರಗಿದ್ದರೆ ಇನ್ನೊಂದು ಮೋಸದ ಬಗ್ಗೆ ಎಚ್ಚರ. "ನಿಮ್ಮ ಪತಿಯನ್ನು ಪೊಲೀಸರು ಹಿಡಿದಿದ್ದಾರೆ, ಬಿಡಿಸಲು ಕೂಡಲೇ ಹಣ ಕಳುಹಿಸಿ" ಎಂಬ ಕರೆ ಬಂದರೆ ಫೋನ್ ಇಟ್ಟುಬಿಡಿ. ಪತಿಗೆ ಕರೆ ಮಾಡಿ. ಅವರು ಸಿಗದಿದ್ದರೆ ಅವರ ರೂಮಿನ ಸಂಗಾತಿಗೆ ಮಾಡಿ. ಆ ಸಂಗಾತಿಯ ಸಂಖ್ಯೆ ನಿಮ್ಮಲ್ಲಿದೆಯೇ? ಇಲ್ಲದಿದ್ದರೆ ಇಂದೇ ಪಡೆಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಅಲ್ಲಿ ತಲುಪಿದ ಮೇಲೆ

ಮಂಗಳೂರಿನಲ್ಲಿ ಬೆಳಗ್ಗೆ ಹತ್ತು ಗಂಟೆಯಾದಾಗ ದುಬೈ ಮತ್ತು ಮಸ್ಕತ್‌ನಲ್ಲಿ ಎಂಟೂವರೆ, ರಿಯಾದ್, ದೋಹಾ, ಕುವೈತ್‌ನಲ್ಲಿ ಏಳೂವರೆ. ಪತಿಯ ಕಂಪೆನಿಯ ಹೆಸರು, ಮನೆಯ ವಿಳಾಸ, ಎರಡು ಫೋನ್ ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ. ಫೋನ್ ಚಾರ್ಜ್ ಮುಗಿದರೆ ಈ ಕಾಗದವೇ ನಿಮ್ಮ ಫೋನ್. ವಲಸೆ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಸರಳ: ಎಲ್ಲಿಗೆ, ಯಾರ ಬಳಿಗೆ, ಎಷ್ಟು ದಿನ. ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಡಿ.

ಪಾಸ್‌ಪೋರ್ಟ್ ಯಾರ ಕೈಯಲ್ಲಿರಬೇಕು? ನಿಮ್ಮ ಕೈಯಲ್ಲಿ. ಇದನ್ನು ಅಪನಂಬಿಕೆಯ ಮಾತೆಂದು ಭಾವಿಸಬೇಡಿ. ಪತಿಗೆ ಅಪಘಾತವಾಗಿ ಆಸ್ಪತ್ರೆ ಸೇರಿದ ದಿನ, ಅವರ ಕಪಾಟಿನ ಕೀಲಿಕೈ ಎಲ್ಲಿದೆಯೆಂದು ಹುಡುಕುವ ಪರಿಸ್ಥಿತಿ ಬರಬಾರದು. ನಿಮ್ಮ ಪಾಸ್‌ಪೋರ್ಟ್, ಐ.ಡಿ., ವಿವಾಹ ಪ್ರಮಾಣಪತ್ರದ ಒಂದೊಂದು ನಕಲು ತವರಿನಲ್ಲೂ ಇರಲಿ. ನಿಮ್ಮ ವೀಸಾ ಪತಿಯ ವೀಸಾಕ್ಕೆ ಜೋಡಿಸಿಕೊಂಡಿದೆ. ಅವರ ಕೆಲಸ ಹೋಗಿ ವೀಸಾ ರದ್ದಾಗುವುದಾದರೆ ಮೊದಲು ಕುಟುಂಬದ ವೀಸಾ ರದ್ದಾಗಬೇಕು ಅಥವಾ ವರ್ಗವಾಗಬೇಕು. ಹಾಗಾಗಿ ಕೆಲಸದ ವಿಷಯವನ್ನು ಮುಚ್ಚಿಡುವುದು ಇಬ್ಬರಿಗೂ ತೊಂದರೆ. ವಿಧವೆಯಾದ ಅಥವಾ ವಿಚ್ಛೇದಿತಳಾದ ಮಹಿಳೆಗೆ ಪ್ರಾಯೋಜಕನಿಲ್ಲದೆ ಒಂದು ವರ್ಷ ಇರಲು ಅವಕಾಶ ಕೊಡುವ ನಿಯಮವನ್ನು ಯು.ಎ.ಇ. 2018ರಲ್ಲಿ ತಂದಿದೆ.

ಕಷ್ಟ ಬಂದರೆ ಒಬ್ಬರೇ ಅಳುತ್ತಾ ಕೂರಬೇಡಿ. ಯು.ಎ.ಇ.ಯಲ್ಲಿ ಪೊಲೀಸರ ಸಂಖ್ಯೆ 999, ಆಂಬುಲೆನ್ಸ್ 998. ಭಾರತೀಯರಿಗಾಗಿಯೇ ಇರುವ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ಸಂಖ್ಯೆ 800 46342. ವಿದೇಶದಲ್ಲಿರುವ ಪತಿ ಕೈಬಿಟ್ಟರೆ, ದೌರ್ಜನ್ಯ ನಡೆದರೆ ದೂರು ಸ್ವೀಕರಿಸಲು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಎನ್.ಆರ್.ಐ. ವಿಭಾಗವಿದೆ. ಮದುವೆಗೆ ಮುಂಚೆಯೇ ವರನ ಕೆಲಸ, ವೀಸಾ, ವಿಳಾಸ ವಿಚಾರಿಸುವುದು ಹೆಣ್ಣಿನ ಮನೆಯವರ ಹಕ್ಕು. ಅದಕ್ಕೆ ಯಾರೂ ಬೇಸರಿಸಬಾರದು.

ಕೊನೆಯ ಮಾತು

ಕಾಗದ ಸರಿಯಾಗಿದ್ದ ಮಾತ್ರಕ್ಕೆ ಸಂಸಾರ ಸರಿಯಾಗುವುದಿಲ್ಲ, ನಿಜ. ಆದರೆ ಕಾಗದ ಕೆಟ್ಟು ಕೆಟ್ಟ ಸಂಸಾರಗಳು ಎಷ್ಟೋ ಇವೆ. ವೀಸಾ ತಡವಾದುದಕ್ಕೆ ಅನುಮಾನ, ಫೋನ್ ಸಿಗದುದಕ್ಕೆ ಜಗಳ, ದಂಡ ಕಟ್ಟಿದ್ದಕ್ಕೆ ಸಾಲ. ಇವೆಲ್ಲವೂ ಸ್ವಲ್ಪ ತಿಳಿವಳಿಕೆಯಿಂದ ತಪ್ಪಿಸಬಹುದಾದವು. ವೀಸಾ ಬರುವ ತನಕ ದಿನಕ್ಕೊಂದು ಸಮಯ ಗೊತ್ತು ಮಾಡಿಕೊಂಡು ಮಾತನಾಡಿ. ಕರೆ ಸಿಗದ ದಿನ ಒಂದು ಧ್ವನಿ ಸಂದೇಶವನ್ನಾದರೂ ಕಳುಹಿಸಿ. ಮಾತಿನಲ್ಲಿ ದೂರು ಕಡಿಮೆಯಿರಲಿ, ಮಕ್ಕಳ ಸುದ್ದಿ ಹೆಚ್ಚಿರಲಿ.

ನಿಯಮಗಳು ಬದಲಾಗುತ್ತಾ ಇರುತ್ತವೆ. ಟಿಕೆಟ್ ತೆಗೆಯುವ ವಾರದಲ್ಲಿ ಆಯಾ ದೇಶದ ವಲಸೆ ಇಲಾಖೆಯ ಅಧಿಕೃತ ತಾಣದಲ್ಲಿ ಮತ್ತು ವಿಮಾನ ಕಂಪೆನಿಯಲ್ಲಿ ಇನ್ನೊಮ್ಮೆ ವಿಚಾರಿಸಿ. ನಿಮ್ಮ ವೀಸಾ ನಿಜವಾದುದೇ ಎಂಬುದನ್ನೂ ಅದೇ ತಾಣದಲ್ಲಿ ಸಂಖ್ಯೆ ಹಾಕಿ ನೋಡಬಹುದು. ಓದಲು ಬರುವ ತಂಗಿಯನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡರೆ ಹತ್ತು ನಿಮಿಷದ ಕೆಲಸ.

ಈಗ ಪಾಸ್‌ಪೋರ್ಟನ್ನು ಮತ್ತೆ ಕಪಾಟಿನಲ್ಲಿಡಿ. ಆದರೆ ಅದಕ್ಕೆ ಮುಂಚೆ ಹೆಸರಿನ ಕಾಲಂ ಇನ್ನೊಮ್ಮೆ ನೋಡಿದಿರಿ ತಾನೇ?